ಪದ ಎಲ್ಲ ಗೊತ್ತು, ಯಾಕೆ ಹೇಳಿದರು ಅನ್ನೋದು ಗೊತ್ತಾಗಲ್ಲ

ಪ್ರಶ್ನೆ: ನನಗೆ 36 ವರ್ಷ. ಆಫೀಸಿನಲ್ಲಿ ದಿನವಿಡೀ ಇಮೇಲ್, ವರದಿ, ಸುತ್ತೋಲೆ ಓದುವುದೇ ಕೆಲಸ. ಪದಗಳೆಲ್ಲ ಗೊತ್ತು, ವಾಕ್ಯಗಳೂ ಕಷ್ಟವಿಲ್ಲ. ಆದರೆ ನಾಲ್ಕು ಪುಟ ಓದಿ ಮುಗಿಸಿದ ಮೇಲೆ ಯಾರಾದರೂ ‘ಏನಂತೆ ಅದರಲ್ಲಿ?’ ಎಂದು ಕೇಳಿದರೆ ತಡವರಿಸುತ್ತೇನೆ. ಇನ್ನೊಂದು ವಿಷಯ. ಮೊನ್ನೆ ನಾನೇ ತಯಾರಿಸಿದ ಒಂದು ವರದಿಯ ಬಗ್ಗೆ ಮೇಲಧಿಕಾರಿ ‘ವರದಿಯ ಮೂರನೇ ಕೋಷ್ಟಕ ನೋಡಿದಿರಾ?’ ಎಂದು ಮೆಸೇಜ್ ಹಾಕಿದರು. ನೋಡಿದ್ದೆ. ‘ನೋಡಿದ್ದೇನೆ ಸರ್’ ಎಂದು ಉತ್ತರ ಕೊಟ್ಟು ಸುಮ್ಮನಾದೆ. ಸಂಜೆ ಅವರು ರೇಗಿದರು. ಅದರಲ್ಲಿ ಲೆಕ್ಕ ತಪ್ಪಿತ್ತಂತೆ, ಸರಿಮಾಡಿ ಕಳಿಸಲಿ ಅಂತ ಕೇಳಿದ್ದಂತೆ. ಹಾಗಂತ ನೇರವಾಗಿ ಹೇಳಬಹುದಿತ್ತಲ್ಲ? ಮನೆಯಲ್ಲೂ ಹೆಂಡತಿಯ ದೂರು ಇದೇ: ‘ನಾನು ಹೇಳಿದ್ದು ನಿಮಗೆ ಕೇಳಿಸುತ್ತೆ, ಯಾಕೆ ಹೇಳ್ತಿದ್ದೀನಿ ಅನ್ನೋದು ಕೇಳಿಸಲ್ಲ.’ ನನ್ನ ನೆನಪಿನ ಶಕ್ತಿ ಕಮ್ಮಿಯಾ? ಬುದ್ಧಿಯೇ ಮಂದವಾ? ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7 ಅಂತ ಎಲ್ಲೋ ಓದಿದೆ, ನಿಜವಾ? ವೇಗದ ಓದು ಕಲಿಸುವ ಕೋರ್ಸ್ ಸೇರಿದರೆ ಸರಿಹೋಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆ ಕಾಣುತ್ತಿದೆ. ಉದ್ದದ ಬರಹ ಓದಿದರೆ ಸಾರ ಕೈಗೆ ಸಿಗುವುದಿಲ್ಲ. ಚಿಕ್ಕ ಮಾತು ಕೇಳಿದರೆ ಇಂಗಿತ ತಿಳಿಯುವುದಿಲ್ಲ. ಎರಡರ ಬೇರೂ ಒಂದೇ ಅಂತ ನನಗನ್ನಿಸುತ್ತದೆ. ಪಾರ್ಸೆಲ್ ಬಿಚ್ಚಿದರೆ ಒಳಗಿನ ವಸ್ತು ಸಿಗುವ ಹಾಗೆ, ಪದ ಬಿಡಿಸಿದರೆ ಅರ್ಥ ತಾನಾಗಿ ಸಿಗಬೇಕು ಎಂದು ನೀವು ನಂಬಿದ್ದೀರಿ. ಓದಿನ ತೊಂದರೆ ಹೇಳಿಕೊಂಡು ನನ್ನ ಬಳಿ ಬರುವ ದೊಡ್ಡವರಲ್ಲಿ ಹೆಚ್ಚಿನವರು ಇದೇ ನಂಬಿಕೆ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಸಿಗದೇ ಹೋದಾಗ ತಮ್ಮ ತಲೆಯನ್ನೇ ದೂರುತ್ತಾರೆ.

ಮೊದಲು ನೆನಪಿನ ವಿಷಯ. 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಎಂಬ ಸಂಶೋಧಕಿ ಜನರಿಗೆ ಒಂದು ಕಥನ ಕೇಳಿಸಿದರು. ನಡುವೆ ನಿಲ್ಲಿಸಿ, ಆಗಲೇ ಬಂದಿದ್ದ ಒಂದು ವಾಕ್ಯವನ್ನು ಮತ್ತೆ ಕೇಳಿಸಿ, ‘ಇದು ಹೀಗೇ ಇತ್ತಾ, ಬದಲಾಗಿದೆಯಾ?’ ಎಂದು ಕೇಳಿದರು. ವಾಕ್ಯ ಆಗಷ್ಟೇ ಮುಗಿದಿದ್ದರೆ ಸಣ್ಣ ಬದಲಾವಣೆಯನ್ನೂ ಜನ ಗುರುತಿಸಿದರು. ಅದಾದ ಮೇಲೆ ಸುಮಾರು 80 ಅಕ್ಷರದಷ್ಟು ಮಾತು ಬಂದಿದ್ದರೆ, ಅಂದರೆ ಅರ್ಧ ನಿಮಿಷ ಕಳೆದಿದ್ದರೆ, ಪದಗಳ ಜೋಡಣೆ ಬದಲಾಗಿದ್ದು ಗೊತ್ತಾಗಲೇ ಇಲ್ಲ. ಅರ್ಥ ಬದಲಾಗಿದ್ದರೆ ಮಾತ್ರ ತಕ್ಷಣ ಹಿಡಿದರು. ಪದ ಮರೆಯುವುದು ಎಲ್ಲರ ತಲೆಯೂ ಮಾಡುವ ಕೆಲಸ. ನಾಲ್ಕು ಪುಟದ ವಾಕ್ಯಗಳು ನಿಮ್ಮ ನೆನಪಿನಲ್ಲಿ ಉಳಿಯದಿದ್ದರೆ ಅದು ಕಾಯಿಲೆ ಅಲ್ಲ. ಪದ ಹೋದ ಮೇಲೆ ಏನು ಉಳಿಯಬೇಕಿತ್ತೋ ಅದು ಉಳಿದಿಲ್ಲ ಅನ್ನುವುದೇ ನಿಮ್ಮ ನಿಜವಾದ ತೊಂದರೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಶೇ. 7ರ ಲೆಕ್ಕವನ್ನು ದಯವಿಟ್ಟು ಮರೆತುಬಿಡಿ. ಅದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರ 1967ರ ಎರಡು ಪ್ರಯೋಗಗಳಿಂದ ಹುಟ್ಟಿದ್ದು. ಅಲ್ಲಿ ಕೇಳಿಸಿದ್ದು ಒಂದೊಂದೇ ಬಿಡಿ ಪದ. ಪ್ರಶ್ನೆಯೂ ಒಂದೇ: ಹೇಳುವವರಿಗೆ ಎದುರಿನವರ ಮೇಲೆ ಒಲವಿದೆಯಾ, ಇಲ್ಲವಾ? ಪದ ಒಂದು ಹೇಳಿ, ದನಿ ಇನ್ನೊಂದು ಹೇಳಿದರೆ ಜನ ದನಿಯನ್ನೇ ನಂಬುತ್ತಾರೆ, ಅಷ್ಟು ಗೊತ್ತಾಯಿತು. ಭಾವನೆಯ ಮಾತಿಗೆ ಮಾತ್ರ ಈ ಲೆಕ್ಕ, ಉಳಿದದ್ದಕ್ಕಲ್ಲ ಎಂದು ಸ್ವತಃ ಅವರೇ ಸ್ಪಷ್ಟಪಡಿಸಿದರು. ಯಾರೂ ಕೇಳಲಿಲ್ಲ ಬಿಡಿ. ಶೇ. 93 ಅರ್ಥ ಮುಖದಲ್ಲೂ ದನಿಯಲ್ಲೂ ಇದೆ ಅನ್ನುವುದಾದರೆ, ನಮಗೆ ಗೊತ್ತಿಲ್ಲದ ಭಾಷೆಯ ಭಾಷಣವೂ ಬಹುಪಾಲು ಅರ್ಥವಾಗಬೇಕಿತ್ತು, ಅಲ್ವಾ?

ವೇಗದ ಓದಿನ ಕೋರ್ಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೀತ್ ರೇನರ್ ಮತ್ತು ಜೊತೆಗಾರರು 2016ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ವೇಗ ಜಾಸ್ತಿ ಮಾಡಿದರೆ ಗ್ರಹಿಕೆ ಕಮ್ಮಿಯಾಗುತ್ತದೆ, ಎರಡನ್ನೂ ಒಟ್ಟಿಗೆ ಏರಿಸುವ ಉಪಾಯವಿಲ್ಲ ಎಂಬುದೇ ಅವರ ತೀರ್ಮಾನ. ಓದುವಾಗ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತು ಮುಂದಕ್ಕೆ ಜಿಗಿಯುತ್ತದೆ. ಅದನ್ನು ಚುರುಕು ಮಾಡಬಹುದು. ಆದರೆ ಓದು ನಿಧಾನವಾಗುವುದು ಬಹುಪಾಲು ತಲೆಯ ಕೆಲಸದಿಂದ, ಕಣ್ಣಿನ ಕೆಲಸದಿಂದಲ್ಲ. ನಿಮಗೆ ಈಗಲೇ ಸಾರ ಸಿಗುತ್ತಿಲ್ಲ. ವೇಗ ಹೆಚ್ಚಿಸಿಕೊಂಡರೆ ಸಾರ ಸಿಗದ ಪುಟಗಳು ದಿನಕ್ಕೆ ಇನ್ನಷ್ಟು ಆಗುತ್ತವೆ, ಅಷ್ಟೇ. ಈ ಕೋರ್ಸಿಗೆ ದುಡ್ಡು ಹಾಕಬೇಡಿ.

ಸರಿ, ಪದ ಹೋದ ಮೇಲೆ ಉಳಿಯಬೇಕಾದದ್ದು ಯಾವುದು? ಈ ಮೂರು ವಾಕ್ಯ ಓದಿ.

ಅವನು ಜೋರಾಗಿ ಮೊಳೆ ಹೊಡೆದ. ಬಿರುಕು ಬಾಗಿಲ ತನಕ ಹರಿಯಿತು. ಮಾಲೀಕರಿಗೆ ಏನು ಹೇಳುವುದು ಎಂದು ತಲೆಯ ಮೇಲೆ ಕೈಹೊತ್ತು ಕೂತ.

ಗೋಡೆ ಎಂಬ ಪದ ಎಲ್ಲೂ ಇಲ್ಲ. ಬಾಡಿಗೆ ಮನೆ ಅಂತ ಯಾರೂ ಹೇಳಿಲ್ಲ. ಬಿರುಕು ಬಿಟ್ಟಿದ್ದು ಮೊಳೆಯಿಂದ ಎಂದೂ ಬರೆದಿಲ್ಲ. ಆದರೂ ನಿಮ್ಮ ಕಣ್ಣ ಮುಂದೆ ಒಂದು ಕೋಣೆ, ಒಂದು ಗೋಡೆ, ಕೈಯಲ್ಲಿ ಸುತ್ತಿಗೆ ಹಿಡಿದ ಒಬ್ಬ ಬಾಡಿಗೆದಾರ ಬಂದಿರಬೇಕು. ಅವನಿಗಿರುವ ಭಯವೂ ಗೊತ್ತಾಗಿರಬೇಕು. ಇದನ್ನೆಲ್ಲ ಬರಹ ಕೊಡಲಿಲ್ಲ. ನೀವೇ ಹಾಕಿಕೊಂಡಿರಿ. ವಾಲ್ಟರ್ ಕಿಂಚ್ ಮತ್ತು ಟಿಯುನ್ ವಾನ್ ಡೈಕ್ ಎಂಬಿಬ್ಬರು ವಿದ್ವಾಂಸರು 1983ರಲ್ಲಿ ಇದನ್ನೇ ಬಿಡಿಸಿ ಹೇಳಿದರು. ಓದುವಾಗ ಮೂರು ಮಟ್ಟದಲ್ಲಿ ಕೆಲಸ ನಡೆಯುತ್ತದೆ. ಒಂದು, ಬರೀ ಪದಗಳು. ಎರಡು, ವಾಕ್ಯಗಳು ಹೇಳುವ ಸಂಗತಿಗಳು. ಮೂರು, ಆ ಸಂಗತಿಗಳಿಗೆ ನಮ್ಮ ತಿಳಿವಳಿಕೆ ಸೇರಿಸಿ ತಲೆಯಲ್ಲಿ ಕಟ್ಟಿಕೊಳ್ಳುವ ಸನ್ನಿವೇಶದ ಚಿತ್ರ. ಪದಗಳು ಅಳಿಸಿಹೋಗುತ್ತವೆ, ಚಿತ್ರ ಉಳಿಯುತ್ತದೆ. ಯಾರಾದರೂ ‘ಏನಂತೆ?’ ಎಂದಾಗ ನಾವು ಉತ್ತರ ಹೇಳುವುದು ಆ ಚಿತ್ರ ನೋಡಿಕೊಂಡು. ನಿಮ್ಮ ಓದು ಎರಡನೇ ಮಟ್ಟದಲ್ಲೇ ನಿಂತುಬಿಡುತ್ತಿದೆ ಎಂಬುದು ನನ್ನ ಅಂದಾಜು.

ಹಾಗೆ ನಿಂತುಬಿಡುವುದು ಹೇಗಿರುತ್ತದೆ ಅಂತ ಬೇಕಾದರೆ ಈಗಲೇ ಅನುಭವಿಸಬಹುದು. ಇದನ್ನು ಓದಿ ನೋಡಿ:

‘ಮೊದಲು ಎರಡೂ ಕಡೆ ಉದ್ದ ಸಮ ಇದೆಯಾ ನೋಡಿಕೊಳ್ಳಿ. ಒಂದನ್ನು ಇನ್ನೊಂದರ ಮೇಲೆ ದಾಟಿಸಿ, ಅಡಿಯಿಂದ ತೂರಿಸಿ ಎಳೆಯಿರಿ. ಆಮೇಲೆ ಒಂದು ಕಡೆಯದನ್ನು ಮಡಚಿ ಹಿಡಿದು, ಉಳಿದದ್ದನ್ನು ಅದರ ಸುತ್ತ ಬಳಸಿ ಸಂದಿಯೊಳಗೆ ತಳ್ಳಿ. ಜಾಸ್ತಿ ಬಿಗಿದರೆ ನೋವು, ಸಡಿಲ ಬಿಟ್ಟರೆ ಅಪಾಯ. ಚಿಕ್ಕವರಿಗೆ ಕಲಿಸಲು ತಾಳ್ಮೆ ಬೇಕು. ಒಮ್ಮೆ ಕೈಗೆ ಬಂದರೆ ಮತ್ತೆ ಯೋಚಿಸುವುದೇ ಇಲ್ಲ.’

ಕಷ್ಟದ ಪದ ಒಂದೂ ಇಲ್ಲ. ಆದರೂ ಒಂಥರಾ ತೇಲಿಹೋಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಈಗ ಇದರ ತಲೆಬರಹ ಹೇಳುತ್ತೇನೆ: ‘ಶೂ ಲೇಸ್ ಕಟ್ಟುವುದು’. ಇನ್ನೊಮ್ಮೆ ಓದಿ. ಎಲ್ಲ ತನ್ನ ತನ್ನ ಜಾಗದಲ್ಲಿ ಕೂತಿತಲ್ಲ? ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಇಂಥದ್ದೇ ಪ್ರಯೋಗ ಮಾಡಿದರು, ಬಟ್ಟೆ ಒಗೆಯುವುದರ ಬಗ್ಗೆ ಬರೆದ ಒಂದು ಪ್ಯಾರಾ ಇಟ್ಟುಕೊಂಡು. ವಿಷಯ ಏನೆಂದು ಮೊದಲೇ ಹೇಳಿಸಿಕೊಂಡವರಿಗೆ ಅರ್ಥವೂ ಆಯಿತು, ಜಾಸ್ತಿ ನೆನಪೂ ಉಳಿಯಿತು. ಗಮನಿಸಬೇಕಾದ ಸಂಗತಿ ಎಂದರೆ, ಓದಿ ಮುಗಿದ ಮೇಲೆ ವಿಷಯ ಹೇಳಿದರೆ ಅಷ್ಟು ಪ್ರಯೋಜನವಾಗಲಿಲ್ಲ. ಚಿತ್ರ ಓದುವಾಗಲೇ ಕಟ್ಟಬೇಕು.

ಇದರಿಂದ ನಿಮ್ಮ ‘ಬುದ್ಧಿ ಮಂದವಾ’ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಬೇಸ್‌ಬಾಲಿನಿಂದ ಬರುತ್ತದೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬಿಬ್ಬರು ಶಾಲಾ ಮಕ್ಕಳಿಗೆ ಒಂದು ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಿಮಗೆ ಎಲ್ಲ ಬರಹವೂ ಹೀಗೇ ತೇಲಿಹೋಗುತ್ತದೆಯೇ, ಅಥವಾ ಕೆಲವು ವಿಷಯದ ವರದಿಗಳು ಮಾತ್ರವೇ? ಇಷ್ಟದ ಆಟದ ಸುದ್ದಿ ಓದಿದ ಮೇಲೂ ತಡವರಿಸುತ್ತೀರಾ? ತಡವರಿಸುವುದಿಲ್ಲ ಎಂದಾದರೆ, ನಿಮಗೆ ಕಮ್ಮಿ ಇರುವುದು ಆ ವಿಷಯದ ತಿಳಿವಳಿಕೆ. ಬುದ್ಧಿ ಅಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅರ್ಥವಾಗಿದೆ ಅನ್ನಿಸುವುದಕ್ಕೂ ಅರ್ಥವಾಗಿರುವುದಕ್ಕೂ ವ್ಯತ್ಯಾಸ ಇದೆ. ಒಂದಕ್ಕೊಂದು ಹೊಂದದ ವಾಕ್ಯಗಳನ್ನು ಪ್ಯಾರಾದೊಳಗೆ ಬೇಕಂತಲೇ ಸೇರಿಸಿ ಓದಿಸಿದರೂ, ‘ಪೂರ್ತಿ ಅರ್ಥವಾಯಿತು’ ಅನ್ನುವವರು ಸಾಕಷ್ಟು ಮಂದಿ ಇರುತ್ತಾರೆ ಎಂದು 1982ರಲ್ಲಿ ಆರ್ಥರ್ ಗ್ಲೆನ್‌ಬರ್ಗ್ ತಂಡ ತೋರಿಸಿತ್ತು. ಪದ ಸಲೀಸಾಗಿ ಸಾಗಿದರೆ ಸಾಕು, ಎಲ್ಲ ತಿಳಿಯಿತು ಅಂತ ಮನಸ್ಸು ನಮಗೆ ಹೇಳಿಬಿಡುತ್ತದೆ. ‘ಏನಂತೆ?’ ಎಂದಾಗ ತಡವರಿಸುವ ನೀವು, ತಪ್ಪುತಪ್ಪಾಗಿ ಪಟಪಟ ಹೇಳುವವರಿಗಿಂತ ವಾಸಿ. ನಿಮಗೆ ನಿಮ್ಮ ಕೊರತೆಯಾದರೂ ಗೊತ್ತಾಗುತ್ತಿದೆ.

ಈಗ ಮೂರನೇ ಕೋಷ್ಟಕದ ವಿಷಯ.

ಜನ ಮಾತಾಡುವುದು ಮಾಹಿತಿ ಕೊಡಲಿಕ್ಕೆ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಅದು ಒಂದು ಕಾರಣ, ಅಷ್ಟೇ. ಮಾತು ಬಾರದ ಒಂದು ವರ್ಷದ ಮಗುವನ್ನು ಗಮನಿಸಿ. ಅದು ಬೆರಳು ತೋರಿಸಿ ವಸ್ತು ಕೇಳುತ್ತದೆ. ಹಾರುವ ಹಕ್ಕಿಯತ್ತ ಬೆರಳು ಮಾಡಿ ನಮ್ಮ ಮುಖ ನೋಡುತ್ತದೆ. ಹಕ್ಕಿ ಅದಕ್ಕೆ ಬೇಡ, ‘ನೀನೂ ನೋಡು’ ಅನ್ನುವುದಷ್ಟೇ ಬೇಕು. ದೊಡ್ಡವರು ಏನೋ ಹುಡುಕುತ್ತಿದ್ದರೆ ಆ ವಸ್ತು ಇರುವ ಕಡೆ ತೋರಿಸಿ ಸಹಾಯವನ್ನೂ ಮಾಡುತ್ತದೆ. ಕೇಳುವುದು, ತಿಳಿಸುವುದು, ಹಂಚಿಕೊಳ್ಳುವುದು: ಈ ಮೂರು ಉದ್ದೇಶ ಮಾತಿಗಿಂತ ಮೊದಲೇ ಬಂದಿರುತ್ತವೆ. ಪದಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ. ಇನ್ನು ‘ಏನು ಸೆಕೆ ಅಲ್ವಾ?’ ಎಂಬ ಮಾತಿನಲ್ಲಿ ಮಾಹಿತಿಯೇ ಇಲ್ಲ. ಸೆಕೆ ಇಬ್ಬರಿಗೂ ಗೊತ್ತು. ಇಂಥ ಮಾತು ನಂಟು ಉಳಿಸಿಕೊಳ್ಳಲಿಕ್ಕೆ ಎಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಬರೆದಿದ್ದರು. ಅದಕ್ಕೆ ಉಷ್ಣಾಂಶ ಎಷ್ಟೆಂದು ಉತ್ತರ ಕೊಟ್ಟರೆ ತಪ್ಪೇನಿಲ್ಲ, ಆದರೆ ಎದುರಿನವರು ಪೆಚ್ಚಾಗುತ್ತಾರೆ.

ಮಾತು ಅಂದರೆ ಹೇಳುವುದಷ್ಟೇ ಅಲ್ಲ, ಮಾಡುವುದೂ ಹೌದು ಎಂದು ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1955ರ ಉಪನ್ಯಾಸಗಳಲ್ಲಿ ತೋರಿಸಿದರು. ‘ಮಾತು ಕೊಡ್ತೀನಿ’ ಅಂದರೆ ವರ್ಣನೆ ಅಲ್ಲ, ಕೊಟ್ಟಾಯಿತು. ನಂತರ ಪಾಲ್ ಗ್ರೈಸ್ ಇನ್ನೊಂದು ಸೂಕ್ಷ್ಮ ಹೇಳಿದರು: ಎದುರಿನವರು ಸಂದರ್ಭಕ್ಕೆ ಸಂಬಂಧಪಟ್ಟದ್ದನ್ನೇ, ಬೇಕಾದಷ್ಟೇ ಹೇಳುತ್ತಾರೆ ಎಂದು ನಂಬಿಕೊಂಡೇ ನಾವು ಮಾತು ಕೇಳುತ್ತೇವೆ. ‘ನಾಳೆ ಬರ್ತೀಯಾ?’ ಎಂದು ಕೇಳಿದರೆ ಗೆಳೆಯ ‘ಮಗನಿಗೆ ಜ್ವರ’ ಅನ್ನುತ್ತಾನೆ. ಬರುತ್ತೇನೆ, ಬರಲ್ಲ ಎರಡನ್ನೂ ಹೇಳಲಿಲ್ಲ. ಆದರೂ ಬರಲ್ಲ ಅಂತ ಗೊತ್ತಾಯಿತು. ಯಾಕೆಂದರೆ, ಸಂಬಂಧವಿಲ್ಲದೆ ಜ್ವರದ ಮಾತು ಎತ್ತುತ್ತಿರಲಿಲ್ಲ ಎಂದು ನಾವು ಲೆಕ್ಕ ಹಾಕಿದೆವು. ಈ ಲೆಕ್ಕ ಎಷ್ಟು ಬೇಗ ನಡೆಯುತ್ತದೆ ಎಂದರೆ ಲೆಕ್ಕ ಹಾಕಿದ್ದೇ ಗೊತ್ತಾಗುವುದಿಲ್ಲ. ಇದಕ್ಕೂ ಬಹಳ ಹಿಂದೆಯೇ, 11ನೇ ಶತಮಾನದಲ್ಲಿ, ಅಲಂಕಾರಶಾಸ್ತ್ರಜ್ಞ ಮಮ್ಮಟ ‘ಸೂರ್ಯ ಮುಳುಗಿದ’ ಎಂಬ ಒಂದೇ ಮಾತು ಒಬ್ಬರಿಗೆ ಕೆಲಸ ನಿಲ್ಲಿಸುವ ಸೂಚನೆ, ಇನ್ನೊಬ್ಬರಿಗೆ ದನ ಒಳಗೆ ಕಟ್ಟುವ ಸೂಚನೆ, ಮತ್ತೊಬ್ಬರಿಗೆ ಶತ್ರುವಿನ ಮೇಲೆ ಬೀಳುವ ಸೂಚನೆ ಆಗುತ್ತದೆ ಎಂದು ಬಿಡಿಸಿ ತೋರಿಸಿದ್ದ. ಯಾರು, ಯಾರಿಗೆ, ಯಾವಾಗ ಹೇಳಿದರು ಅನ್ನುವುದರಲ್ಲಿ ಅರ್ಥದ ದೊಡ್ಡ ಪಾಲಿದೆ.

ಈ ಕಣ್ಣಿನಿಂದ ನಿಮ್ಮ ಸರ್ ಹಾಕಿದ ಮೆಸೇಜ್ ನೋಡಿ. ವರದಿ ತಯಾರಿಸಿದ್ದು ನೀವು. ಹಾಗಿದ್ದರೆ ಕೋಷ್ಟಕ ನೀವು ನೋಡಿರುತ್ತೀರಿ ಅನ್ನುವುದು ಅವರಿಗೆ ಗೊತ್ತೇ ಇದೆ. ಉತ್ತರ ಗೊತ್ತಿರುವ ಪ್ರಶ್ನೆ ಯಾಕೆ ಕೇಳಿದರು? ಹಲವು ಕೋಷ್ಟಕದಲ್ಲಿ ಮೂರನೆಯದ್ದೇ ಯಾಕೆ? ಈಗಲೇ ಯಾಕೆ? ಈ ಮೂರು ‘ಯಾಕೆ’ ಕೇಳಿಕೊಂಡಿದ್ದರೆ ‘ಅಲ್ಲೇನೋ ಇದೆ’ ಎಂಬ ಅನುಮಾನವಾದರೂ ಬರುತ್ತಿತ್ತು.

ಹಾಗಂತ ತಪ್ಪು ಪೂರ್ತಿ ನಿಮ್ಮದಲ್ಲ. ನೇರವಾಗಿ ಹೇಳಬಹುದಿತ್ತಲ್ಲ ಎಂದು ಕೇಳಿದ್ದೀರಿ, ನ್ಯಾಯವಾದ ಪ್ರಶ್ನೆಯೇ. ಜನ ಸುತ್ತಿ ಬಳಸಿ ಹೇಳುವುದಕ್ಕೆ ಕಾರಣಗಳಿರುತ್ತವೆ. ‘ತಪ್ಪಿದೆ’ ಎಂದರೆ ಎದುರಿನವರ ಮರ್ಯಾದೆಗೆ ಪೆಟ್ಟು ಬೀಳುತ್ತದೆ. ಪ್ರಶ್ನೆಯ ರೂಪದಲ್ಲಿ ಕೇಳಿದರೆ ‘ಅಯ್ಯೋ, ನೋಡಿದೆ, ಸರಿಮಾಡ್ತೀನಿ’ ಎಂದು ಗೌರವದಿಂದ ಜಾರಿಕೊಳ್ಳಲು ದಾರಿ ಸಿಗುತ್ತದೆ. ತಪ್ಪಿದೆಯೋ ಇಲ್ಲವೋ ಎಂದು ಅವರಿಗೇ ಖಾತ್ರಿ ಇರದಿದ್ದರೂ ಹೀಗೆ ಕೇಳುತ್ತಾರೆ. ಮೂರನೆಯ ಕಾರಣ ಎಲ್ಲಕ್ಕಿಂತ ಸಾಮಾನ್ಯ: ತಮ್ಮ ತಲೆಯಲ್ಲಿರುವುದು ಎದುರಿನವರಿಗೂ ಕಾಣುತ್ತಿದೆ ಎಂಬ ಭ್ರಮೆ. 2005ರಲ್ಲಿ ಜಸ್ಟಿನ್ ಕ್ರೂಗರ್ ತಂಡದ ಪ್ರಯೋಗದಲ್ಲಿ ಜನ ವ್ಯಂಗ್ಯದ ಮತ್ತು ನೇರವಾದ ವಾಕ್ಯಗಳನ್ನು ಇಮೇಲ್ ಮಾಡಿದರು. ಓದುವವರು ಶೇ. 78ರಷ್ಟು ಸರಿಯಾಗಿ ಗುರುತಿಸುತ್ತಾರೆ ಎಂದು ಕಳಿಸಿದವರ ನಂಬಿಕೆ. ಸರಿಯಾಗಿದ್ದು ಶೇ. 56. ಕಣ್ಣುಮುಚ್ಚಿ ಊಹಿಸಿದರೂ ಶೇ. 50 ಬರುತ್ತದೆ! ಅದೇ ವಾಕ್ಯಗಳನ್ನು ದನಿಯಲ್ಲಿ ಕೇಳಿಸಿದಾಗ ಸುಮಾರು ಶೇ. 73 ಸರಿಯಾಯಿತು. ನಿಮ್ಮ ಸರ್ ಇದೇ ಮಾತನ್ನು ಎದುರಿಗೆ ಹುಬ್ಬೇರಿಸಿ ಕೇಳಿದ್ದರೆ ನೀವೂ ಹಿಡಿಯುತ್ತಿದ್ದಿರೋ ಏನೋ.

ಹಾಗಾದರೆ ಮಾಡುವುದೇನು?

ವರದಿಗಳ ವಿಷಯದಲ್ಲಿ ನಾನು ಮೊದಲು ಹೇಳುವ ಉಪಾಯ: ಓದುವ ಮೊದಲು ಅರ್ಧ ನಿಮಿಷ ತಲೆಬರಹ, ಮೊದಲ ಪ್ಯಾರಾ, ಕೊನೆಯ ಪ್ಯಾರಾ ನೋಡಿ ‘ಇದನ್ನು ಯಾರು ಯಾಕೆ ಬರೆದಿರಬಹುದು, ನನ್ನಿಂದ ಏನು ಬೇಕಿರಬಹುದು’ ಎಂದು ಒಂದು ಊಹೆ ಕಟ್ಟಿಕೊಳ್ಳಿ. ಆಮೇಲೆ ಪ್ರತಿ ಪುಟಕ್ಕೆ ನಿಂತು, ಕಾಗದದಿಂದ ಕಣ್ಣು ತೆಗೆದು, ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯ ಹೇಳಿಕೊಳ್ಳಿ. ಹೇಳಲಾಗದಿದ್ದರೆ ಚಿತ್ರ ಕಟ್ಟಿಲ್ಲ ಎಂದರ್ಥ, ಹಿಂದಕ್ಕೆ ಹೋಗಿ. ಪದ ಓದಲು ಬಂದರೂ ಅರ್ಥ ಹಿಡಿಯದ ಏಳನೇ ತರಗತಿ ಮಕ್ಕಳಿಗೆ ಪಾಲಿಂಕ್ಸಾರ್ ಮತ್ತು ಬ್ರೌನ್ 1984ರಲ್ಲಿ ಕಲಿಸಿದ್ದು ಹೆಚ್ಚುಕಮ್ಮಿ ಇದನ್ನೇ: ಪ್ರಶ್ನೆ ಹಾಕು, ಸಾರ ಹೇಳು, ಗೊಂದಲ ಬಿಡಿಸು, ಮುಂದೇನು ಬರಬಹುದು ಊಹಿಸು. ಮಕ್ಕಳು ಗಮನಾರ್ಹವಾಗಿ ಸುಧಾರಿಸಿದರು. ತೊಡಕು ಎರಡಿದೆ. ಶುರುವಿನಲ್ಲಿ ಓದು ತುಂಬಾ ನಿಧಾನವಾಗುತ್ತದೆ, ಕೆಲಸ ರಾಶಿ ಬಿದ್ದಾಗ ಬೇಸರ ಬರುತ್ತದೆ. ಹಾಗಾಗಿ ಎಲ್ಲಕ್ಕೂ ಬೇಡ, ದಿನಕ್ಕೆ ಒಂದು ಮುಖ್ಯ ಬರಹಕ್ಕೆ ಸಾಕು. ಇನ್ನೊಂದು, ಮೊದಲ ಊಹೆಗೇ ಅಂಟಿಕೊಂಡರೆ ಬರಹದಲ್ಲಿ ಇಲ್ಲದ್ದೂ ಕಾಣತೊಡಗುತ್ತದೆ. ಊಹೆ ತಪ್ಪಿದ ಕಡೆ ಅದನ್ನು ಬಿಟ್ಟುಕೊಡಬೇಕು. ಸಾಲುಗಳ ಮೇಲೆ ಬಣ್ಣ ಬಳಿಯುವ ಅಭ್ಯಾಸ ಇದ್ದರೆ ಇರಲಿ, ಆದರೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಮೆಸೇಜ್‌ಗಳಿಗೆ ಉಪಾಯ ಸರಳ. ಅರ್ಥಕ್ಕೆ ಉತ್ತರಿಸಿ, ಅನುಮಾನವಿದ್ದರೆ ಕೇಳಿಬಿಡಿ: ‘ನೋಡಿದ್ದೇನೆ ಸರ್. ಅದರಲ್ಲಿ ಏನಾದರೂ ಸರಿಮಾಡಬೇಕಾ?’ ಆ ಎರಡನೇ ವಾಕ್ಯ ಇದ್ದಿದ್ದರೆ ಸಂಜೆಯ ರಾದ್ಧಾಂತ ಇರುತ್ತಿರಲಿಲ್ಲ. ಪ್ರತಿ ಮೆಸೇಜಿಗೂ ಹೀಗೆ ಮರುಪ್ರಶ್ನೆ ಹಾಕಿದರೆ ಕೆಲವರಿಗೆ ಕಿರಿಕಿರಿ. ಅದಕ್ಕೆ, ಉತ್ತರ ತೀರಾ ಸುಲಭ ಅನ್ನಿಸಿದ ಪ್ರಶ್ನೆಗಳಿಗೆ ಮಾತ್ರ ಇದನ್ನು ಮೀಸಲಿಡಿ. ಮನಸ್ತಾಪದ ವಿಷಯವಾದರೆ ಟೈಪ್ ಮಾಡುತ್ತಾ ಕೂರುವುದಕ್ಕಿಂತ ಫೋನ್ ಮಾಡುವುದು ವಾಸಿ. ಆದರೆ ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಮಾತಾದ ಮೇಲೆ ‘ನನಗೆ ಅರ್ಥವಾಗಿದ್ದು ಇಷ್ಟು’ ಎಂದು ಎರಡು ಸಾಲು ಬರೆದು ಕಳಿಸಿ.

ಇದರಾಚೆಗೊಂದು ಅಪಾಯವಿದೆ, ಅದನ್ನು ನಾನು ಆಗಾಗ ನೋಡುತ್ತೇನೆ. ಇಂಗಿತ ಹುಡುಕುವುದನ್ನು ಕಲಿತವರು ಎಲ್ಲದರಲ್ಲೂ ಇಂಗಿತ ಹುಡುಕತೊಡಗುತ್ತಾರೆ. ‘ಸರಿ’ ಎಂದು ಚುಟುಕಾಗಿ ಬರೆದರೆ ಸಿಟ್ಟು, ತಡವಾಗಿ ಉತ್ತರಿಸಿದರೆ ಅವಮಾನ ಎಂದುಕೊಂಡು ರಾತ್ರಿ ನಿದ್ದೆಗೆಡುತ್ತಾರೆ. ಎಷ್ಟೋ ಸಲ ‘ಸರಿ’ ಅಂದರೆ ಸರಿ, ಅಷ್ಟೇ.

ವೈದ್ಯರ ಬಳಿ ಹೋಗಬೇಕಾ? ತೊಂದರೆ ಚಿಕ್ಕಂದಿನಿಂದ ಇದ್ದು, ತಮಾಷೆ, ವ್ಯಂಗ್ಯ, ಮುಖಭಾವ ಯಾವುದೂ ಹಿಡಿಯದಿದ್ದರೆ ಒಮ್ಮೆ ಮನಶ್ಶಾಸ್ತ್ರಜ್ಞರನ್ನೋ ವಾಕ್-ಭಾಷಾ ತಜ್ಞರನ್ನೋ ಕಾಣುವುದು ಒಳ್ಳೆಯದು. ಕೆಲವರ ಮಿದುಳು ಮಾತನ್ನು ಇದ್ದದ್ದು ಇದ್ದಂತೆ ಗ್ರಹಿಸುವ ರೀತಿಯಲ್ಲೇ ಇರುತ್ತದೆ. ಅದು ಗೊತ್ತಾದರೆ ‘ನನಗೆ ನೇರವಾಗಿ ಹೇಳಿ’ ಎಂದು ಸಂಕೋಚವಿಲ್ಲದೆ ಕೇಳಬಹುದು. ಇತ್ತೀಚೆಗೆ ನಿದ್ದೆ ಕೆಟ್ಟಿದೆಯಾ, ಮನಸ್ಸು ಕುಗ್ಗಿದೆಯಾ, ಕಿವಿ ಮಂದವಾಗಿದೆಯಾ, ಇವನ್ನೂ ನೋಡಿಸಿ. ಮೂರೂ ಗ್ರಹಿಕೆಯನ್ನು ಕೆಡಿಸುತ್ತವೆ. ಇದ್ದಕ್ಕಿದ್ದಂತೆ ಒಂದು ದಿನ ಮಾತೋ ಬರಹವೋ ಅರ್ಥವಾಗದೆ ಹೋದರೆ ಕಾಯಬೇಡಿ, ಅದು ಪಾರ್ಶ್ವವಾಯುವಿನ ಲಕ್ಷಣವೂ ಆಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ಕಾಣಲಿಲ್ಲ.

ಕೊನೆಯದಾಗಿ ಮನೆಯ ದೂರು. ಹೆಂಡತಿ ದಿನದ ಕಷ್ಟ ಹೇಳಿಕೊಂಡಾಗ ನೀವು ಬಹುಶಃ ಪರಿಹಾರ ಹೇಳುತ್ತೀರಿ, ಇಲ್ಲವೇ ‘ಹೂಂ’ ಎಂದು ಸುಮ್ಮನಾಗುತ್ತೀರಿ. ಅವರು ಬೆರಳು ತೋರಿಸುತ್ತಿರುವುದು ‘ನೀನೂ ನೋಡು’ ಅನ್ನಲಿಕ್ಕೆ ಇರಬಹುದು. ಯಾವುದೆಂದು ಗೊತ್ತಾಗದಿದ್ದರೆ ‘ಇದಕ್ಕೆ ಏನಾದರೂ ಮಾಡೋಣವಾ, ಇಲ್ಲ ಸುಮ್ನೆ ಕೇಳಲಾ?’ ಎಂದು ಅವರನ್ನೇ ಕೇಳಿ. ಮೊದಲ ನಾಲ್ಕಾರು ಸಲ ನಗಬಹುದು, ‘ಅದನ್ನೂ ನಾನೇ ಹೇಳ್ಬೇಕಾ’ ಎಂದು ರೇಗಲೂಬಹುದು. ಹಾಗೆ ರೇಗಿದರೆ ಉತ್ತರ ಹೆಚ್ಚಾಗಿ ಎರಡನೆಯದು.